ಸುಣ್ಣ ಬಳಿದ ಕಲ್ಲುಗಳ ಕೇಸು

ನಮ್ಮ ವಕೀಲ ಸಾಹೇಬರ ಬಲಗೈಯ ಬೆರಳ ಗೆಣ್ಣುಗಳು ಯಾವಾಗಲೂ ಸುಲಿದಿರುತ್ತಿದ್ದವು. ಸಿಟ್ಟು ಬಂದರೆ ಟೇಬಲ್ಲಿಗೆ ಗುದ್ದುತ್ತಿದ್ದರು, ಟೇಬಲ್ ದೂರವಿದ್ದರೆ ಗೋಡೆಗೆ. ಸಿಟ್ಟು ಬರದ ದಿನ ಅಂತ ಒಂದಿತ್ತೇ ಆ ಮನುಷ್ಯನಿಗೆ? ಬಸವನ ಬಾಗೇವಾಡಿಯ ಅವರ ಆಫೀಸಿಗೆ ನಾನು ಜೂನಿಯರ್ ಆಗಿ ಸೇರುವಾಗ ನಮ್ಮವ್ವ, "ಹುಷಾರಿ ಯವ್ವಾ, ಕೈಗೀಯಿ ಮಾಡ್ಯಾನು" ಎಂದು ಹೇಳಿ ಕಳಿಸಿದ್ದಳು. ನನಗೇನೂ ಹೊಡೆಯಲಿಲ್ಲ. ಬೈದದ್ದಕ್ಕೆ ಮಾತ್ರ ಲೆಕ್ಕವಿಲ್ಲ.

ಕುಡುಕರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಅವರ ಅಣ್ಣನನ್ನು ಝಳಕಿಯ ಹತ್ತಿರ ಕುಡಿದ ಬೈಕಿನವನೊಬ್ಬ ಗುದ್ದಿ, ಎದುರು ಬರುತ್ತಿದ್ದ ಲಾರಿಯ ಗಾಲಿಗೆ ಕೆಡವಿ ಕೊಂದಿದ್ದ. "ಹೆಣಾ ಎತ್ತಿ ತರಲಿಲ್ಲ ತಂಗಿ, ಚಾದರದಾಗ ಬಳಕೊಂಡು ತಂದೀವಿ" ಎಂದು ಒಂದೇ ಒಂದು ಸಲ ನನಗೆ ಹೇಳಿದ್ದರು.

ಅಂಥವರ ಬಾಗಿಲಿಗೆ ಮನಗೂಳಿ ಕಡೆಯ ಹಳ್ಳಿಯಿಂದ ಒಬ್ಬ ಮುದುಕಿ ಬಂದಳು. ಜೊತೆಗೆ ಬಲಗಾಲಿಲ್ಲದ, ಮೂವತ್ತು ದಾಟಿದ ಮಗ. ಅವರ ಊರಿಗೆ ಕಾಲುವೆ ಬಂದಾಗ ನೀರಾವರಿ ಇಲಾಖೆಯವರು ನೇರ ರಸ್ತೆಯನ್ನು ದಂಡೆಯಲ್ಲಿ ತುಂಡರಿಸಿ, ಹೊಸ ರಸ್ತೆಯನ್ನು ಎಡಕ್ಕೆ ತಿರುಗಿಸಿದ್ದರು. ಹಳೆಯ ಡಾಂಬರು ಮಾತ್ರ ಹಾಗೆಯೇ ನೇರವಾಗಿ ಕಾಲುವೆಯ ಅಂಚಿನವರೆಗೆ ಮಲಗಿತ್ತು. ಅಡ್ಡ ಗೋಡೆಯಿಲ್ಲ, ಬೋರ್ಡಿಲ್ಲ. ಒಂದು ಮುಸ್ಸಂಜೆ ಈ ಮಗ ಢಾಬಾದಲ್ಲಿ ಕುಡಿದು, ಬೈಕನ್ನು ಸೀದಾ ಅತ್ತ ಬಿಟ್ಟ. ನೀರಿಲ್ಲದ ಕಾಲುವೆಯ ಕಾಂಕ್ರೀಟಿಗೆ ಇವನು, ಇವನ ಮೇಲೆ ಬೈಕು. ಎಲುಬು ಪುಡಿಯಾಗಿ, ಬರೀ ಚರ್ಮ ಕಾಲನ್ನು ಹಿಡಿದುಕೊಂಡಿತ್ತಂತೆ. ಇಲಾಖೆಯ ಮೇಲೆ ಪರಿಹಾರದ ಕೇಸು ಹಾಕಬೇಕೆಂದು ಬಂದಿದ್ದರು.

"ಕುಡದಿದ್ದ್ಯೋ ಇಲ್ಲೋ?" ಸಾಹೇಬರು ಕೇಳಿದರು.

"ಇಲ್ರಿ ಸಾಹೇಬ್ರ. ಮಜ್ಜಿಗಿ ಕುಡದಿದ್ದೆ."

ಛಟೀರ್ ಎಂದು ಬಿತ್ತು ಕಪಾಳಕ್ಕೆ. ಊರುಗೋಲು ಒಂದು ಕಡೆ, ಅವನೊಂದು ಕಡೆ. ನಾನು ಚೀರಿದೆ: "ಸಾಹೇಬ್ರ, ಕಾಲಿಲ್ಲದಾವ ಅದಾನ್ರಿ!"

"ನಾಲಿಗಿ ಐತಲ್ಲ? ಖರೆ ಹೇಳಾಕ ಕಾಲು ಬೇಕೇನು?"

ಅವನು ಬಿದ್ದಲ್ಲೇ ಅಳುತ್ತ, "ಕುಡದಿದ್ದೆರಿ" ಎಂದ. ಆಗ ಸಾಹೇಬರೇ ಅವನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದರು. "ಕುಡದಿದ್ದು ನಿನ್ನ ತಪ್ಪು, ಅದನ್ನ ನೀ ಹೊರು. ರಸ್ತೆ ಹಂಗ ಬಿಟ್ಟಿದ್ದು ಅವರ ತಪ್ಪು, ಅದನ್ನ ಅವರು ಹೊರಲಿ. ನಿನ್ನ ಬಾಟ್ಲಿ ಹಿಂದ ಅವರು ಅಡಗಿ ಕೂಡಬಾರದು, ಅಷ್ಟ."

ಊರು ಸುಮ್ಮನಿರುತ್ತದೆಯೇ? 'ಕುಡುಕರ ವಕೀಲ' ಎಂದು ನಗಾಡಿದರು. ಅವರ ಅತ್ತಿಗೆ, ಸತ್ತ ಅಣ್ಣನ ಹೆಂಡತಿ, ಆಫೀಸಿನ ಹೊಸ್ತಿಲ ಮೇಲೇ ನಿಂತು, "ನಿಮ್ಮಣ್ಣನ ರಕ್ತಾ ಇಷ್ಟ ಲಗೂ ಒಣಗಿತೇನು?" ಎಂದು ಕೇಳಿ ಉಗಿದು ಹೋದಳು. ಆಕೆ ಹೋದಮೇಲೆ ಸಾಹೇಬರು ಗೋಡೆಗೆ ಗುದ್ದಿದ ಗುದ್ದಿಗೆ ಸುಣ್ಣದ ಮೇಲೆ ರಕ್ತ ಇಳಿಯಿತು. ಕೇಸು ಬಿಟ್ಟುಬಿಡಿ ಎಂದೆ ನಾನು. "ನೀ ಫೈಲ್ ಓದು" ಎಂದರು.

ವಿಚಾರಣೆಯಲ್ಲಿ ಇಲಾಖೆಯ ವಕೀಲರು ಪೊಲೀಸರ ಪಂಚನಾಮೆಯ ಫೋಟೋ ಎತ್ತಿ ಹಿಡಿದರು. ಹಳೆಯ ಡಾಂಬರಿನ ತುದಿಗೆ ಅಡ್ಡವಾಗಿ ದಪ್ಪ ಕಲ್ಲುಗಳ ಸಾಲು, ಬೆಳ್ಳಗೆ ಸುಣ್ಣ ಬಳಿದದ್ದು. "ಎಚ್ಚರಿಕೆ ಇತ್ತು. ಕುಡಿದ ಕಣ್ಣಿಗೆ ಕಾಣಲಿಲ್ಲ" ಎಂದರು ಅವರು.

ನಮ್ಮ ಕಡೆ ರಸ್ತೆಯಲ್ಲಿ ಯಾರಾದರೂ ಬಿದ್ದರೆ, ಅಲ್ಲಿ ಕಲ್ಲಿಟ್ಟು ಸುಣ್ಣ ಬಳಿಯುತ್ತಾರೆ. ಯಾರೂ ಹೇಳಬೇಕಿಲ್ಲ, ಅದು ರೂಢಿ. ಮಗ ಆಸ್ಪತ್ರೆಯಲ್ಲಿದ್ದಾಗ ಬಟ್ಟೆ ಒಯ್ಯಲು ಊರಿಗೆ ಬಂದ ಮುದುಕಿಯೇ ಆ ಕೆಲಸ ಮಾಡಿದ್ದಳು; ಆಕೆ ನಮಗೆ ಅದನ್ನು ಹೇಳಿದ್ದು ಈ ಫೋಟೋ ಕಂಡ ಮೇಲೆಯೇ. ಪೊಲೀಸರು ಫೋಟೋ ತೆಗೆದದ್ದು ಆಮೇಲೆ.

ಕೋರ್ಟಿನ ಪಡಸಾಲೆಗೆ ಬಂದದ್ದೇ ಮಗ ಊರುಗೋಲೆತ್ತಿ ತಾಯಿಯ ಹೆಗಲಿಗೆ ಬೀಸಿದ. "ನೀನ ಕೆಡಿಸಿದಿ ಮುದಿಕಿ! ನಿನಗ್ಯಾಕ ಬೇಕಾಗಿತ್ತು ಊರ ಉಸಾಬರಿ?" ಆಕೆ ಕಂಬಕ್ಕೆ ಆತು ಕುಸಿದಳು. ಸಾಹೇಬರು ಆ ಕೋಲು ಕಸಿದು ಕಂಬಕ್ಕೆ ಬಡಿದರು, ಎರಡು ತುಂಡು. "ಇನ್ನೊಮ್ಮೆ ಕೈ ಎತ್ತಿದ್ರ ಇರೋ ಒಂದು ಕಾಲೂ ಇರಂಗಿಲ್ಲ, ಮಗನ!" ಜಗಳ ಬಿಡಿಸಲು ಬಂದ ಪೇದೆಗೂ ನಾಲ್ಕು ಬೈಗುಳ ಬಿದ್ದವು.

ಮುಂದಿನ ವಾಯಿದೆಗೆ ಮುದುಕಿಯನ್ನೇ ಕಟಕಟೆಗೆ ಹತ್ತಿಸಿದರು. ಆ ದಿನ ಮಾತ್ರ ಅವರ ದನಿ ಮೆತ್ತಗಿತ್ತು.

"ಯವ್ವಾ, ಆ ಕಲ್ಲು ಯಾರು ಇಟ್ರು?"

"ನಾನ ಇಟ್ಟೀನ್ರಿ. ಮಗಾ ಬಿದ್ದ ಮರುದಿನ ಮುಂಜಾನಿ."

"ಯಾಕ?"

"ಮತ್ತೊಬ್ಬಾಕಿ ಮಗಾ ಬೀಳಬಾರದಂತರಿ."

"ಕೇಸಿಗಾಗಿ ಕಟ್ಟಿದ ಸುಳ್ಳು" ಎಂದು ಇಲಾಖೆಯ ವಕೀಲರು ಎದ್ದರು. ಮುದುಕಿ ಅವರತ್ತ ತಿರುಗಿದಳು. "ನನ್ನ ಮಗಾ ಕುಡದಿದ್ದಾ ಅಂತ ನಾವ ಹೇಳೀವಿ. ಅದನ್ನ ನಂಬಿದ್ರಿ. ಇದನ್ನ ಯಾಕ ನಂಬಂಗಿಲ್ರಿ, ಯಪ್ಪಾ?"

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಮಜ್ಜಿಗೆಯ ಮಾತೇ ಕೋರ್ಟಿನವರೆಗೂ ಬಂದಿದ್ದರೆ ಮುದುಕಿಯ ಈ ಮಾತಿಗೆ ಕಾಸಿನ ಕಿಮ್ಮತ್ತೂ ಇರುತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ತೀರ್ಪು ಬಂತು: ತಪ್ಪು ಇಬ್ಬರದೂ, ಪರಿಹಾರದಲ್ಲಿ ಇಲಾಖೆಯ ಪಾಲು ಇಲಾಖೆ ಕೊಡಬೇಕು, ದಂಡೆಗೆ ಗೋಡೆ ಕಟ್ಟಬೇಕು.

ಇಲಾಖೆ ಕಟ್ಟಲಿಲ್ಲ, ಅಪೀಲು ಹಾಕಿತು. ಆ ಸುದ್ದಿ ಕೇಳಿ ಫೋನಿನಲ್ಲಿ ಎಂಜಿನಿಯರೊಬ್ಬರಿಗೆ ಬೈಯುತ್ತ ಬೈಯುತ್ತಲೇ ಸಾಹೇಬರು ಎದೆ ಹಿಡಿದುಕೊಂಡು ಕುಸಿದರು. ಜೀಪು ವಿಜಯಪುರ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ನಾನು ತಂದೆ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಅವರ ಮನೆಯ ಮುಂದೆ ಜನ ಸೇರಿತ್ತು. ಗಂಡಸರು ಹೆಗಲು ಕೊಟ್ಟ ಜನಾಜಾ ಖಬರಸ್ತಾನದ ಕಡೆ ಹೊರಟು ಹೋದ ಮೇಲೆ ಆ ಒಂಟಿಕಾಲಿನವನು ಆಟೋದಿಂದ ಇಳಿದ. ಹತ್ತಿರ ಬರುತ್ತಿದ್ದಂತೆ ವಾಸನೆ ಬಡಿಯಿತು. ಕುಡಿದಿದ್ದ! ಇಂಥವನಿಗಾಗಿ ಆ ಮನುಷ್ಯ ಮನೆಯವರಿಂದ ಉಗಿಸಿಕೊಂಡನೇ?

"ಇವತ್ತರೆ ಬಿಡಬಾರದಿತ್ತೇನೋ ಭಾಡ್ಯಾ!" ಎಂದು ಓಣಿಗೆ ಕೇಳುವಂತೆ ಕೂಗಿದೆ.

ಅವನು ತಲೆ ಎತ್ತಲಿಲ್ಲ. "ಸಾಹೇಬ್ರು ಹ್ವಾದ್ರು. ಇನ್ನ ನನ್ನಂಥಾವನ ಕೇಸು ಯಾರು ಹಿಡೀತಾರ್ರಿ ಅಕ್ಕಾರ?" ಎಂದ.

ಅವನನ್ನು ಅಲ್ಲೇ ಕೆಡವಿ ತುಳಿಯಬೇಕೆನ್ನಿಸಿತು, ಇದು ಖರೆ. ಕಕ್ಷಿದಾರನನ್ನು ಪ್ರೀತಿಸಬೇಕೆಂದು ಸಾಹೇಬರು ನನಗೆ ಎಂದೂ ಹೇಳಿಕೊಟ್ಟಿರಲಿಲ್ಲ.

"ನಾ ಹಿಡೀತೇನಿ" ಎಂದೆ. "ಸೋಮವಾರ ಆಫೀಸಿಗಿ ಬಾ. ನಿಮ್ಮವ್ವನ್ನ ಕರಕೊಂಡು ಬಾ."