ತಿದ್ದಿದರೂ ಸರದಿ ಬಿಡದ ‘ಸಾಲು’

ಬೆಳಗಿನ ಐದೂವರೆ. ದುದ್ದ ಎಂಬ ಹಳ್ಳಿಯ ಮನೆಯ ಜಗಲಿಯಲ್ಲಿ ನಾಗಶ್ರೀ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಲವತ್ತೊಂದು ಗದ್ದೆಯವರ ಹೆಸರುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಓದುತ್ತಿದ್ದಾರೆ. ಎಂಟಕ್ಕೆ ನಾಲೆಯ ತೂಬು ತೆರೆಯುತ್ತದೆ. ಅಷ್ಟರೊಳಗೆ ಸರದಿ ಪಟ್ಟಿ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯ ಕೈ ಸೇರಬೇಕು. ಪಟ್ಟಿ ಈ ಸಲವೂ ತಪ್ಪಾದರೆ, ಅದೇ ನಾಲೆಯ ನೀರು ನಂಬಿದ ದೇವಿರಮ್ಮನ ಒಟ್ಲು, ಅಂದರೆ ಭತ್ತದ ಸಸಿಮಡಿ, ಮತ್ತೆ ಒಣಗುತ್ತದೆ.

ಮೂವತ್ತಾರರ ನಾಗಶ್ರೀ ಮದ್ದೂರಿನ ಡಿಪ್ಲೊಮಾ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕಿ. ಹೋಗಿ ಬರಲು ನಾಲ್ಕು ಬಸ್ಸು, ನೋಡಿಕೊಳ್ಳಲು ಅರವತ್ತು ಕಂಪ್ಯೂಟರು. ಮುಂಜಾನೆಯ ಒಂದೂವರೆ ಗಂಟೆಯ ಬಿಡುವು ಮಾತ್ರ ಅವರದು. ಆ ಹೊತ್ತಿನಲ್ಲೇ ನಾಲ್ಕು ವರ್ಷ ಕೂತು, ಕನ್ನಡದಲ್ಲಿ ಬರೆಯಬಹುದಾದ ‘ಸಾಲು’ ಎಂಬ ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದಾರೆ. ಗದ್ದೆಯವರ ಹೆಸರು, ಎದುರಿಗೆ ಅಳತೆ. ಹೀಗೆ ಬರೆದದ್ದೇ ಆ ಭಾಷೆಯಲ್ಲಿ ಒಂದು ವ್ಯಾಖ್ಯೆ. ಯಾರಿಗೆ ಎಷ್ಟು ಹೊತ್ತು ನೀರು ಎಂದು ಉಳಿದ ಲೆಕ್ಕವನ್ನು ‘ಸಾಲು’ ಹಾಕುತ್ತದೆ.

ನೀರುಗಂಟಿ ಚಲುವರಾಜು ನಾಲೆಯ ತಲೆಯಿಂದ ತುದಿಯವರೆಗೆ ಹೇಳಿದ ಕ್ರಮದಲ್ಲೇ ನಾಗಶ್ರೀ ಹೆಸರುಗಳನ್ನು ಬರೆದಿದ್ದರು. ನೀರಿನ ಸರದಿಯೂ ಅದೇ. ಎಡವಟ್ಟಾಗಿದ್ದು ತಿದ್ದುವಾಗ. ಹೋದ ವರ್ಷ ದೇವಿರಮ್ಮನ ಒಂದೆಕರೆಯಲ್ಲಿ ಹತ್ತು ಗುಂಟೆ ರಸ್ತೆಗೆ ಹೋಯಿತು. ಹೊಸ ಅಳತೆ ಬರೆದ ಕೂಡಲೇ ‘ಸಾಲು’ ಹಳೆಯ ವ್ಯಾಖ್ಯೆಯನ್ನು ಅಳಿಸಿ, ಹೊಸದನ್ನು ಕೊನೆಗೆ ಸೇರಿಸಿತು. ಮೂರನೆಯವರು ನಲವತ್ತೊಂದನೆಯವರಾದರು. ಚಲುವರಾಜು ಆಗ ಮಂಡಿ ನೋವಿಗೆ ಆಸ್ಪತ್ರೆಯಲ್ಲಿದ್ದರು. ಬದಲಿಗೆ ಬಂದಾತ ಕಾಗದ ನೋಡಿಯೇ ನೀರು ಬಿಟ್ಟ. ದೇವಿರಮ್ಮ ಎಷ್ಟು ಕೂಗಾಡಿದರೂ “ಪಟ್ಟೀಲಿ ಇಂಗೇ ಐತೆ” ಎಂದ. ಒಂಬತ್ತು ದಿನ ನೀರಿಗೆ ಕಾದ ಒಟ್ಲು ಬಿಸಿಲಿಗೆ ಸುಟ್ಟುಹೋಯಿತು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದ್ದು ನಾಗಶ್ರೀ, ಉಂಡಿದ್ದು ದೇವಿರಮ್ಮ. ನಾಚಿಕೆಯಿಂದ ಕುಗ್ಗಿಹೋದ ನಾಗಶ್ರೀ ದೇವಿರಮ್ಮನ ಮನೆಗೇ ಹೋಗಿ ತಪ್ಪೊಪ್ಪಿಕೊಂಡರು.

“ಅಳ್ತೆ ಕಮ್ಮಿಯಾದ್ರೆ ಗದ್ದೆ ಎದ್ದು ಕೊನೀಗೋಯ್ತದಾ ಕಣಮ್ಮ?” ಎಂದು ದೇವಿರಮ್ಮ ಕೇಳಿದರು. “ಅದು ಇದ್ದಲ್ಲೇ ತಾನೆ ಇರೋದು?”

“ಆ ಮಾತ್ನೇ ನಿಯಮ ಮಾಡ್ದೆ,” ಎನ್ನುತ್ತಾರೆ ನಾಗಶ್ರೀ. “ಎಷ್ಟು ಸಲ ತಿದ್ದುದ್ರೂ ಹೆಸ್ರು ಮೊದ್ಲು ಬರ್ದ ಜಾಗ ಬುಡಂಗಿಲ್ಲ. ಹದ್ನೇಳು ಸಲ ಕೆಟ್ಟು, ಆಮೇಲೆ ಸರ್ಯಾಯ್ತು.”

ಎಂಟು ಗಂಟೆಗೆ ತೂಬಿನ ಬಳಿ ಗದ್ದೆಯವರೆಲ್ಲ ಸೇರಿದ್ದಾರೆ. ಓದು ಬಾರದ ದೇವಿರಮ್ಮ ಪಟ್ಟಿಯ ಕಡೆ ನೋಡುವುದೂ ಇಲ್ಲ.

“ನಾಲೆ ತಲೆಯಿಂದ ಓದ್ಲಾ ಚಲುವ,” ಎನ್ನುತ್ತಾರೆ.

ಚಲುವರಾಜು ಓದುತ್ತಾರೆ. ಮೊದಲನೆಯ ಹೆಸರು, ಎರಡನೆಯ ಹೆಸರು. ಮೂರನೆಯದು, “ದೇವಿರಮ್ಮ, ಮೂವತ್ತು ಗುಂಟೆ.”

ದೇವಿರಮ್ಮ ಗುದ್ದಲಿ ಹೆಗಲಿಗೇರಿಸಿ ಗದ್ದೆಯ ಕಡೆ ನಡೆಯುತ್ತಾರೆ. “ಇನ್ನೂ ಐತೆ ಕಣತ್ತೆ!” ಎಂದು ಚಲುವರಾಜು ಕೂಗಿದರೂ ತಿರುಗುವುದಿಲ್ಲ.

“ಮಿಕ್ಕಿದ ಮೂವತ್ತೆಂಟು ಹೆಸ್ರು ಕೇಳ್ಬೇಕು ಅನ್ನುಸ್ಲೇ ಇಲ್ಲ ನೋಡಿ ಅವ್ರಿಗೆ,” ಎನ್ನುತ್ತಾರೆ ನಾಗಶ್ರೀ. “ನಂಗಷ್ಟು ಸಾಕು.”