ಅರ್ಧಕ್ಕೆ ನಿಂತ ಸ್ಯಾಕ್ಸೋಫೋನ್

ಆಗಿನ್ನೂ ಕುಂದಲಹಳ್ಳಿಯಲ್ಲಿ ರಾಗಿ ಹೊಲಗಳಿದ್ದವು. ಕಂಪನಿಗಳ ಗಾಜಿನ ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದರೂ ಅವರೆಕಾಯಿ ಕಾಲ ಬಂತೆಂದರೆ ಊರಿಗೆ ಊರೇ ಸೊಗಡು ವಾಸನೆ. ಲಗೋರಿ ಆಡಿದ ಮಣ್ಣುಗೈಯಲ್ಲೇ ಜಗಲಿ ಮೇಲೆ ಕೂತು ನಾವು ಮಕ್ಕಳು ಅವರೆ ಸುಲಿಯುತ್ತಿದ್ದೆವು. ಆ ಕಾಲ ನೆನೆದರೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮಾತ್ರ ಬಾಯಿ ಕಹಿಯಾಗುತ್ತದೆ. ಅದಕ್ಕೆ ಕಾರಣ ಒಬ್ಬ ಸಂಗೀತ ವಿಮರ್ಶಕ.

ನಮ್ಮ ದೊಡ್ಡಪ್ಪ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದ. ಮದುವೆಗಳಿಲ್ಲದ ಭಾನುವಾರ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ವೈಟ್‌ಫೀಲ್ಡಿನ ಐರೀನ್ ಆಂಟಿ ಮನೆಗೆ ಹೋಗುತ್ತಿದ್ದ. ಆಂಟಿ ಆಂಗ್ಲೋ ಇಂಡಿಯನ್ನರು, ಚರ್ಚಿನಲ್ಲಿ ಪಿಯಾನೋ ನುಡಿಸುವವರು. ದೊಡ್ಡಪ್ಪನಿಗೆ ಜಾಝ್ ಹುಚ್ಚು ಹತ್ತಿಸಿದ್ದು ಅವರೇ. ನನ್ನ ಕೈಗೆ ಹೂವಿನಾಕಾರದ ಗರಿಗರಿ ರೋಸ್ ಕುಕ್ಕಿ ತುಂಬಿದ ಡಬ್ಬಿ ಕೊಟ್ಟು ಇಬ್ಬರೂ ಶುರು ಮಾಡಿದರೆ ಮಧ್ಯಾಹ್ನದ ಊಟದ ನೆನಪೂ ಇರುತ್ತಿರಲಿಲ್ಲ.

ಅವರಿಬ್ಬರೂ ಸೇರಿ ಕಟ್ಟಿಕೊಂಡಿದ್ದ ಒಂದು ಟ್ಯೂನ್ ಇತ್ತು. ಅದಕ್ಕೆ ಹೆಸರೇ ಇರಲಿಲ್ಲ. ಸ್ಯಾಕ್ಸೋಫೋನ್ ಮೇಲೆ ಮೇಲೆ ಹತ್ತಿ, ತುದಿಯಲ್ಲಿ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತಿತ್ತು. ಆಮೇಲೆ ಅದು ಇಳಿದು ಬರುವುದಿತ್ತಲ್ಲ, ಅಷ್ಟು ಮೆತ್ತಗೆ ಬರುತ್ತಿತ್ತೆಂದರೆ ಕುಕ್ಕಿ ಕಡಿದ ಸದ್ದಾದೀತೆಂದು ನಾನು ಬಾಯಲ್ಲಿದ್ದುದನ್ನು ಹಾಗೇ ಇಟ್ಟುಕೊಂಡಿರುತ್ತಿದ್ದೆ.

ಆ ವರ್ಷ ಅವರೆಕಾಯಿ ಕಾಲದಲ್ಲಿ ವೈಟ್‌ಫೀಲ್ಡಿನಲ್ಲೊಂದು ದೊಡ್ಡ ಹೋಟೆಲ್ ಶುರುವಾಯಿತು. ಆಂಟಿ ಅದರ ಮ್ಯಾನೇಜರ್ ಬಳಿ ಮಾತಾಡಿ ಒಂದು ಸಂಜೆ ನುಡಿಸಲು ಒಪ್ಪಿಸಿದರು. ಇಂಗ್ಲಿಷ್ ಪತ್ರಿಕೆಯ ವಿಮರ್ಶಕರು ಬರುತ್ತಾರೆ, ಅವರು ಮೆಚ್ಚಿ ಬರೆದರೆ ಪ್ರತಿ ಶನಿವಾರವೂ ನಿಮ್ಮದೇ ಎಂದು ಮ್ಯಾನೇಜರ್ ಹೇಳಿದ್ದ.

"ಅದೊಂದ್ ಆಗೋದ್ರೆ ಸಾಕು ಕಣೇ," ದೊಡ್ಡಮ್ಮನಿಗೆ ಅಂದ ದೊಡ್ಡಪ್ಪ. "ಕುದ್ರೆ ಲದ್ದಿ ತುಳ್ಕಂಡು, ಬಿಸ್ಲಾಗೆ ಮೆರವಣ್ಗೆ ಮುಂದೆ ಊದ್ಕಂಡ್ ಓಗೋದು ತಪ್ತದೆ."

ಅವನಿಗಿದ್ದ ಒಳ್ಳೆಯ ಬಟ್ಟೆಯೆಂದರೆ ಬ್ಯಾಂಡಿನ ಜರಿಯ ಕೆಂಪು ಕೋಟು. ದೊಡ್ಡಮ್ಮ ಅದನ್ನೇ ಇಸ್ತ್ರಿ ಮಾಡಿಕೊಟ್ಟಳು. ಹೋಟೆಲಿನಲ್ಲಿ ನಾನು ಪಿಯಾನೋ ಪಕ್ಕದಲ್ಲಿ ಕೂತಿದ್ದೆ. ಹೆಸರಿಲ್ಲದ ಆ ಟ್ಯೂನ್ ಶುರುವಾದ ಮೇಲೆ ಟ್ರೇ ಹಿಡಿದ ಸಪ್ಲೈಯರುಗಳೂ ನಿಂತು ಕೇಳತೊಡಗಿದರು. ದೊಡ್ಡಪ್ಪ ತುದಿಯ ಸ್ವರ ಹಿಡಿದು ನಿಂತಿದ್ದ. ಅಷ್ಟರಲ್ಲಿ ಬಾಗಿಲು ತೆರೆಯಿತು. ಮ್ಯಾನೇಜರ್ ಸೊಂಟ ಬಗ್ಗಿಸಿ ವಿಮರ್ಶಕನನ್ನು ಕರೆತಂದ.

ದೊಡ್ಡಪ್ಪ ತಟ್ಟನೆ ನಿಲ್ಲಿಸಿಬಿಟ್ಟ.

ಮದುವೆ ಬ್ಯಾಂಡಿನವರ ಪದ್ಧತಿಯೇ ಹಾಗೆ. ಬೀಗರೋ ದೊಡ್ಡ ಮನುಷ್ಯರೋ ಛತ್ರದ ಬಾಗಿಲಿಗೆ ಬಂದರೆ ನುಡಿಸುತ್ತಿದ್ದುದನ್ನು ಅಲ್ಲೇ ಬಿಟ್ಟು ಸ್ವಾಗತದ ಟ್ಯೂನ್ ಎತ್ತಿಕೊಳ್ಳಬೇಕು. ದೊಡ್ಡಪ್ಪ ತಲೆ ಬಾಗಿಸಿ ಅದನ್ನೇ ಊದಿದ. ಆಂಟಿಯ ಕೈ ಪಿಯಾನೋ ಮೇಲೆ ಇದ್ದಂತೆಯೇ ಇತ್ತು.

ವಿಮರ್ಶಕ ಕೆಂಪು ಕೋಟನ್ನು ನೋಡಿ ಕಿಸಕ್ಕನೆ ನಕ್ಕ. ಸಾಕು ಸಾಕು ಎನ್ನುವಂತೆ ಕೈಯಾಡಿಸಿ ಕಬಾಬ್ ಇಟ್ಟಿದ್ದ ಮೇಜಿಗೆ ಹೋದ. ಆಮೇಲೆ ಇವರು ಬೇರೆ ಏನೇನೋ ನುಡಿಸಿದರು. ಅವನು ನಮಗೆ ಬೆನ್ನು ಹಾಕಿ ಮೂಳೆ ಚೀಪುತ್ತಲೇ ಇದ್ದ. ಜಿಡ್ಡು ಬೆರಳನ್ನು ಮೇಜಿನ ಬಿಳಿ ಬಟ್ಟೆಗೆ ಒರೆಸಿ ಎದ್ದು ಹೋದ. ಆ ಜಿಡ್ಡಿನ ಗುರುತು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಥೂ.

"ಯಾಕ್ ನಿಲ್ಸಿದ್ದು, ಮ್ಯಾನ್?" ಆಂಟಿ ಕೇಳಿದರು.

"ನಮ್ಮುನ್ನ ಕೇಳಕ್ಕಂತ್ಲೇ ಬಂದವ್ರೆ. ಗೌರವ ಕೊಡ್ದೆ ಎಂಗಿರಾದು ಅಮ್ಮಾವ್ರೇ?"

ಪತ್ರಿಕೆಯಲ್ಲಿ ಅವನು ಬರೆದದ್ದು ಬಂದ ದಿನ ಆಂಟಿ ನಮಗಾಗಿ ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋದರು. ಕಬಾಬು ಚೆನ್ನಾಗಿತ್ತಂತೆ, ದೀಪಗಳು ಚೆನ್ನಾಗಿದ್ದವಂತೆ. ಅಷ್ಟಕ್ಕೇ ಪತ್ರಿಕೆ ಮಡಚಿದರು.

"ನಮ್ದು ಎಲ್ಲೈತೆ?" ದೊಡ್ಡಪ್ಪ ಬಿಡಲಿಲ್ಲ.

ಆಂಟಿ ಕಿಟಕಿ ಕಡೆ ನೋಡಿದರು. "ತಮಾಷೆಗೆ ಒಂದು ಮದುವೆ ಬ್ಯಾಂಡ್ ಇಟ್ಟಿದ್ದಾರೆ ಅಂತ ಬರೆದಿದಾನೆ."

"ಬೇರೆ ಕೋಟು ಆಕ್ಕಂಡ್ ಓಗ್ಬೇಕಿತ್ತು," ಅಂದ ದೊಡ್ಡಪ್ಪ.

ಹೋಟೆಲಿನವರು ಮತ್ತೆ ಕರೆಯಲಿಲ್ಲ. ದೊಡ್ಡಪ್ಪ ಕೈಲಾಗುವ ತನಕ ಲದ್ದಿ ತುಳಿದುಕೊಂಡೇ ಊದಿದ. ಆ ಟ್ಯೂನನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ಈಗ ಅವನೂ ಇಲ್ಲ, ಆಂಟಿಯೂ ಇಲ್ಲ. ಅವರು ನುಡಿಸಿದ್ದನ್ನು ಯಾರೂ ರೆಕಾರ್ಡ್ ಮಾಡಿಟ್ಟಿಲ್ಲ. ರಾಗಿ ಹೊಲಗಳಿದ್ದ ಕಡೆ ಅಪಾರ್ಟ್‌ಮೆಂಟುಗಳೆದ್ದಿವೆ.

ಮೊನ್ನೆ ಅಂಥದೊಂದು ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಅದೇ ವಿಮರ್ಶಕನ ಭಾಷಣವಿತ್ತು. ಈಗವನಿಗೆ ಬಿಳಿ ಗಡ್ಡ, ಹೆಗಲ ಮೇಲೆ ಶಾಲು. "ನಮ್ಮ ಬೆಂಗಳೂರಿನಲ್ಲಿ ಸ್ವಂತ ಜಾಝ್ ಅನ್ನುವುದು ಹುಟ್ಟಲೇ ಇಲ್ಲ," ಎಂದು ಮರುಗಿದ. "ಹುಟ್ಟಿದ್ದರೆ ನನ್ನ ಕಿವಿಗೆ ಬೀಳದೆ ಇರುತ್ತಿತ್ತೇ?" ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಬಂದೆ.

ಕಿವಿಗೆ ಬೀಳುವುದರಲ್ಲಿತ್ತಪ್ಪ. ನಿನಗೋಸ್ಕರವೇ ಅದನ್ನು ನಿಲ್ಲಿಸಿದ್ದು.

ದಾರಿಯುದ್ದಕ್ಕೂ ಆ ಟ್ಯೂನನ್ನು ಗುನುಗಲು ನೋಡಿದೆ. ಹತ್ತುವ ತನಕ ಸರಿಯಾಗಿ ಬರುತ್ತದೆ. ತುದಿಯ ಸ್ವರವೂ ಸಿಗುತ್ತದೆ. ಅಲ್ಲಿಂದ ಇಳಿಯಲು ಹೋದರೆ ತಲೆಯೊಳಗೆ ಸ್ವಾಗತದ ಟ್ಯೂನ್ ಶುರುವಾಗಿಬಿಡುತ್ತದೆ. ಅದೊಂದೇ ನನಗೀಗ ಪೂರ್ತಿ ಬರುವುದು.