ಹಪ್ಪಳದ ವೆಬ್‌ಸೈಟಿನಲ್ಲಿ ಅಚ್ಚುತಣ್ಣ

ನಿಂತಿಕಲ್ಲಿನಲ್ಲಿ ಬಸ್ಸು ಇಳಿದು ಹಪ್ಪಳದ ದೇವಮ್ಮನ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ಹಲಸಿನ ಕಾಲದಲ್ಲಿ ಆ ಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಚಾಪೆಗಳ ತುಂಬ ಹಪ್ಪಳ. ಬೇಯಿಸಿ ಕುಟ್ಟಿದ ಹಲಸಿನ ಸೊಳೆಯ ಉಂಡೆಯನ್ನು ಎರಡು ಮಣೆಗಳ ನಡುವೆ ಇಟ್ಟು ಒತ್ತುವವರು ದೇವಮ್ಮ. ಒಣಗಿದ್ದನ್ನು ಕಟ್ಟು ಕಟ್ಟಿ ಪುತ್ತೂರಿನ ಬಸ್ಸಿಗೆ ಹಾಕುವವರು ಗಂಡ ಅಚ್ಚುತಣ್ಣ. ಕಂಡಕ್ಟರ್ ಅದನ್ನು ಅಂಗಡಿಗೆ ಮುಟ್ಟಿಸಿ, ಸಂಜೆಯ ಟ್ರಿಪ್ಪಿನಲ್ಲಿ ದುಡ್ಡು ತಂದುಕೊಡುತ್ತಿದ್ದ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಈ ವರ್ಷ ಫೆಬ್ರವರಿಯಲ್ಲಿ ಸ್ನಾನದ ನೀರಿಗೆ ಬೆಂಕಿ ಹಾಕಲು ಹೋದ ಅಚ್ಚುತಣ್ಣ ಒಲೆಯ ಮುಂದೆ ಕುಳಿತಲ್ಲೇ ಹೋಗಿಬಿಟ್ಟರು. ಉತ್ತರಕ್ರಿಯೆಯ ಬೊಜ್ಜ ಮುಗಿಯುವಷ್ಟರಲ್ಲಿ ಹಲಸು ಬಲಿಯಿತು. ಹಲಸು ಯಾರ ಸೂತಕಕ್ಕೂ ಕಾಯುವುದಿಲ್ಲ. ದೇವಮ್ಮ ಮಣೆ ತೆಗೆದರು. ಆದರೆ ಬಸ್ಸಿನವರ ಹಿಂದೆ, ಅಂಗಡಿಯವರ ಹಿಂದೆ ಓಡಾಡುವವರು ಯಾರು? ಹಪ್ಪಳದ ಫೋಟೋ ಹಾಕಿದ ಒಂದು ವೆಬ್‌ಸೈಟು ಮೊದಲೇ ಇತ್ತು. ಅದನ್ನು ಮಾಡಿಕೊಟ್ಟ ಹುಡುಗಿ ಅಪೇಕ್ಷಾಳ ಅಂಗಡಿ ಸುಳ್ಯ ಬಸ್‌ಸ್ಟ್ಯಾಂಡಿನ ಹತ್ತಿರ. ವೆಬ್‌ಸೈಟಿನಲ್ಲಿಯೇ ದುಡ್ಡು ಕೊಡುವ ಒಂದು ಬಟನ್ ಸೇರಿಸಿದರೆ ಸುಲಭ ಎಂದು ಯಾರೋ ಹೇಳಿದ್ದರು. ದೇವಮ್ಮ ಹೋದರು.

"ದುಡ್ಡು ಯಾರ ಖಾತೆಗೆ ಬೀಳ್ಬೇಕು ಅಕ್ಕ?" ಅಪೇಕ್ಷಾ ಕೇಳಿದಳು.

ದೇವಮ್ಮ ಗಂಡನ ಪಾಸ್‌ಬುಕ್ಕನ್ನೂ ಮೊಬೈಲನ್ನೂ ಮೇಜಿನ ಮೇಲಿಟ್ಟರು. "ಇವರದ್ದು."

"ಅಣ್ಣ ಬರ್ಲಿಲ್ವಾ?"

"ಇಲ್ಲ."

"ಎಲ್ಲ ಗಂಡಸ್ರೂ ಒಂದೇ ಮಾರಾಯ್ರೆ. ತಿರುಗುದು ಹೆಂಡ್ತಿ, ಪಾಸ್‌ಬುಕ್ಕಿನಲ್ಲಿ ಹೆಸರು ಅವ್ರದ್ದು."

ದೇವಮ್ಮ ನಕ್ಕರು. ಗಂಡ ಹೋದ ಮೇಲೆ ಅದೇ ಮೊದಲ ನಗು. ಸುಳ್ಳು ಹೇಳಬೇಕೆಂದು ಅವರು ಬಂದವರಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳಿದವರಲ್ಲ. ಜೊತೆಗೆ, ಹೊಸತೊಂದು ಕೆಲಸಕ್ಕೆ ಕೈ ಹಾಕುವಾಗ ಸಾವಿನ ಮಾತು ಎತ್ತುವುದುಂಟೇ? ಹೀಗೆ ಅವರು ಸುಮ್ಮನಾದರು, ಹುಡುಗಿ ತನಗೆ ತಿಳಿದಂತೆ ಮಾಡಿದಳು. ಅಚ್ಚುತಣ್ಣನ ಮೊಬೈಲಿಗೆ ಬಂದ ನಂಬರನ್ನು ದೇವಮ್ಮನೇ ಓದಿ ಹೇಳಿದರು. ಬಟನ್ ಒತ್ತಿದರೆ ಹೆಸರು ಮೂಡಿತು: ಅಚ್ಚುತ ಗೌಡ ಅವರಿಗೆ ಪಾವತಿಸಿ.

ಅಂದಿನಿಂದ ಆ ಮೊಬೈಲು ಒಳಕೋಣೆಯ ಮರದ ಹಲಗೆಯ ಮೇಲೆ. ಎಲ್ಲೋ ಯಾರೋ ಬಟನ್ ಒತ್ತಿದಾಗಲೆಲ್ಲ ಅದು ಹಲಗೆಯ ಮೇಲೆ ಗುರ್ರೆನ್ನುತ್ತಿತ್ತು. ಅಚ್ಚುತಣ್ಣ ಅಂಗಳ ಹತ್ತುವಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದದ್ದೂ ಹಾಗೆಯೇ. ಮೊದಮೊದಲು ದೇವಮ್ಮ ಬೆಚ್ಚಿದರು. ಆಮೇಲೆ ಕಾದರು. ಒಂದು ಮಧ್ಯಾಹ್ನ ಗುರ್ರೆಂದಾಗ ಎದ್ದುಹೋಗಿ ಎರಡು ಲೋಟ ಕಾಫಿ ಬಗ್ಗಿಸಿದರು. ಬಗ್ಗಿಸಿದ ಮೇಲೆ ತಿಳಿಯಿತು, ಆದರೂ ಎರಡನೆಯದನ್ನು ಚೆಲ್ಲಲಿಲ್ಲ. ಕಾಲ್ ಮಾಡಿ "ಅಚ್ಚುತಣ್ಣ ಇಲ್ವಾ?" ಎಂದವರಿಗೆ "ತೋಟಕ್ಕೆ ಹೋಗಿದ್ದಾರೆ", "ಕಡಬಕ್ಕೆ ಹೋಗಿದ್ದಾರೆ" ಎನ್ನುತ್ತ ಬಂದರು.

ಮೇ ತಿಂಗಳಲ್ಲಿ ನೌಷಾದ್ ಕಾಲ್ ಮಾಡಿದ. ಬೆಟ್ಟಂಪಾಡಿಯವನು, ಶಾರ್ಜಾದಲ್ಲಿ ಕೆಲಸ. ವರ್ಷವೂ ತಾಯಿ ಪಾತುಮ್ಮನ ಮನೆಗೆ ಹಪ್ಪಳ ತರಿಸುವ ಗಿರಾಕಿ.

"ಅಕ್ಕ, ಉಮ್ಮನಿಗೆ ಹಪ್ಪಳ ಸಿಕ್ಕಿತು. ಅಚ್ಚುತಣ್ಣ ಹೇಳಿದ ಹಾಗೆ ಸರಿ ನಾಲ್ಕೇ ದಿನ."

"ಯಾವಾಗ ಹೇಳಿದ್ರು?"

"ಕಳೆದ ಗುರುವಾರ. ನಾನು ಕಾಲ್ ಮಾಡಿದ್ದೆ ಅಲ್ವಾ? 'ಮೋಡ ಉಂಟು ಮಾರಾಯ, ನಾಲ್ಕು ದಿನ ತಡಿ' ಅಂದ್ರು. ಸ್ವರ ಸ್ವಲ್ಪ ಬಿದ್ದಿತ್ತು. ಶೀತವಾ ಅವ್ರಿಗೆ?"

ದೇವಮ್ಮ ಏನೋ ಹೇಳಿ ಮುಗಿಸಿದರು. ಮೊಬೈಲಿನಲ್ಲಿ ಹುಡುಕಿದರೆ ಗುರುವಾರ ಹನ್ನೊಂದು ನಲವತ್ತಕ್ಕೆ ನೌಷಾದನ ಕಾಲ್ ಇತ್ತು. ಎರಡು ನಿಮಿಷ ಮಾತು. ಆ ಹೊತ್ತಿಗೆ ದೇವಮ್ಮ ಕಟ್ಟು ಹಿಡಿದು ನಿಂತಿಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಮೊಬೈಲು ಒಳಗೆ ಹಲಗೆಯ ಮೇಲಿತ್ತು, ಮನೆಗೆ ಬೀಗ ಹಾಕಿತ್ತು, ಬೀಗದ ಕೈ ಸೊಂಟದಲ್ಲಿತ್ತು. ಆ ದಿನ ಮೋಡ ಇದ್ದದ್ದೂ ನಿಜ. ಕೇಳಿದವರು ಏನು ಬೇಕಾದರೂ ಹೇಳಬಹುದು, ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತಿದ್ದೇನೆ.

ಹೊಸ ಕೆಲಸ ಶುರು ಮಾಡಬಾರದ, ಮಳೆಯ ಆಟಿ ತಿಂಗಳು ಬಂತು. ಹೋದವರಿಗೆ ಎಲೆ ಹಾಕಿ ಬಡಿಸಿ, ಹೆಸರು ಹಿಡಿದು ಕರೆದು, ಇನ್ನು ಹಿರಿಯರ ಸಾಲಿನಲ್ಲಿ ಕೂತುಕೋ ಎಂದು ಸೇರಿಸುವ ಕ್ರಮ. ಮೈದುನ ಜಯಪ್ರಕಾಶ್ ಬಡಿಸಿ, ಕರೆದು, ಬಾಗಿಲು ಎಳೆದುಕೊಂಡು ಹೊರಗೆ ಬಂದ. ಎಲ್ಲರೂ ಜಗಲಿಯಲ್ಲಿ ಬಾಯಿ ಮುಚ್ಚಿ ನಿಂತಿದ್ದರು. ಒಳಗೆ ಹಲಗೆಯ ಮೇಲೆ ಗುರ್ರೆಂದಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ.

"ಅತ್ತಿಗೆ, ಅದೆಂತ?"

ದೇವಮ್ಮ ಅಡಗಿಸದೆ ಎಲ್ಲ ಹೇಳಿದರು. ಜಯಪ್ರಕಾಶ್ ಬಯ್ಯಲಿಲ್ಲ. "ನಾವು ಇಲ್ಲಿ ಹೋಗು ಅಂತ ಬಡಿಸುದು, ಅಲ್ಲಿ ಊರವರೆಲ್ಲ ಹೆಸರು ಹಿಡಿದು ಕರೆಯುದು. ಅಣ್ಣ ಎಲ್ಲಿ ಅಂತ ಕೂರ್ಬೇಕು? ಹೊಸಿಲಲ್ಲೇ ನಿಲ್ಸಿದ್ದೀರಿ ನೀವು ಅವನನ್ನು."

ಆ ಮಾತು ದೇವಮ್ಮನನ್ನು ಬಿಡಲಿಲ್ಲ. ಹೆಸರು ತೆಗೆಸಿದರೆ ಮನೆ ಪೂರ್ತಿ ಖಾಲಿ. ತೆಗೆಸದಿದ್ದರೆ ಅವರಿಗೆ ದಾರಿಯಿಲ್ಲ. ಸ್ನಾನದ ಒಲೆಗೆ ಬೆಂಕಿ ಹಾಕುವಾಗೊಮ್ಮೆ, ಇಷ್ಟು ದಿನ ನಿಂತೇ ಇದ್ದವರಿಗೆ ಕಾಲು ನೋಯುವುದಿಲ್ಲವೇ ಎಂದು ಅನಿಸಿತು. ಮರುದಿನವೇ ಸುಳ್ಯದ ಬ್ಯಾಂಕಿಗೆ ಮರಣಪತ್ರ ಕೊಟ್ಟು ತನ್ನ ಹೆಸರಿನಲ್ಲಿ ಖಾತೆಗೆ ಅರ್ಜಿ ಬರೆದರು. ಖಾತೆ ಆದ ಮೇಲೆ, ಒಂದು ಮಂಗಳವಾರ, ಅಪೇಕ್ಷಾಳ ಅಂಗಡಿಗೆ ಹೋದರು.

ಹುಡುಗಿ ಮರಣಪತ್ರ ನೋಡಿ ಕಣ್ಣೆತ್ತಿದಳು. "ಅಕ್ಕ, ನಾನು ಅವತ್ತು ಅಣ್ಣನ ಬಗ್ಗೆ ತಮಾಷೆ ಮಾಡಿದ್ದು..."

"ಅದೊಂದು ದಿನ ನಗು ಬಂದಿತ್ತು ಬಿಡು. ನೀನು ಕೆಲಸ ಮಾಡು."

"ಆಟಿಯಲ್ಲಿ ಮಾಡ್ಬಹುದಾ? ಹೊಸ ಹೆಸರು ಹಾಕುದು ಅಲ್ವಾ?"

"ನಾನು ಹಾಕ್ಲಿಕ್ಕೆ ಬಂದದ್ದಲ್ಲ. ತೆಗೀಲಿಕ್ಕೆ ಬಂದದ್ದು."

ಪರದೆಯ ಮೇಲೆ ಅಚ್ಚುತ ಗೌಡ ಎಂದಿದ್ದ ಜಾಗ ಒಂದು ಗಳಿಗೆ ಬರಿದಾಯಿತು. ಆ ಬರಿದನ್ನೇ ದೇವಮ್ಮ ನೋಡುತ್ತಿದ್ದರು. ಆಮೇಲೆ ಅಲ್ಲಿ ಅವರ ಹೆಸರು ಬಂತು, ಕೆಳಗೆ ಅವರ ಮೊಬೈಲ್ ನಂಬರು.

ಗುರುವಾರ ಆ ನಂಬರಿಗೆ ನೌಷಾದನ ಕಾಲ್ ಬಂತು. "ಅಕ್ಕ, ಬಟನ್ ಒತ್ತಿದ್ರೆ ನಿಮ್ಮ ಹೆಸರು ಬರ್ತಾ ಉಂಟು. ಅಚ್ಚುತಣ್ಣ ಎಲ್ಲಿ?"

ತೋಟದ ಮಾತು, ಕಡಬದ ಮಾತು ನಾಲಗೆಯ ತುದಿಗೆ ಬಂದಿತ್ತು. ದೇವಮ್ಮ ನುಂಗಿಕೊಂಡರು.

"ಅವರು ಹೋದ್ರು ನೌಷಾದ್."

ಆ ಕಡೆಯಿಂದ ಮೆಲ್ಲನೆ ಪ್ರಾರ್ಥನೆಯ ಎರಡು ಮಾತು ಕೇಳಿತು. ಆಮೇಲೆ ಅವನು ಕೇಳಿದ, "ಯಾವಾಗ ಅಕ್ಕ?"

ದೇವಮ್ಮ ಯೋಚಿಸಲೇ ಇಲ್ಲ.

"ಮೊನ್ನೆ ಮಂಗಳವಾರ," ಅಂದರು.